ಬೇರಿಂಗ್ ಬದಲಿಸಿದ ಐದೇ ತಿಂಗಳಲ್ಲಿ ಮುಂದಿನ ಚಕ್ರದ ಗುಂಯ್‌ಗುಟ್ಟುವಿಕೆ ಮರಳಿದೆ: ಚಕ್ರವನ್ನು ಹೊತ್ತು ತಿರುಗುವ ಹಬ್ ಕೂಡ ಸವೆದಿರಬಹುದೇ?

ಪೆರ್ಲದ ಕೃಷಿಕ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿರುವುದು 2014ರ ಒಂದು ಸಣ್ಣ ಪೆಟ್ರೋಲ್ ಕಾರು. ಎಂಜಿನಿನ ಬಲ ಮುಂದಿನ ಚಕ್ರಗಳಿಗೆ ಬರುವಂಥದ್ದು, ಇದುವರೆಗೆ 83,000 ಕಿಲೋಮೀಟರ್ ಓಡಿದೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಮುಂದಿನ ಎಡ ಚಕ್ರದ ಕಡೆಯಿಂದ ವಿಮಾನ ದೂರದಲ್ಲಿ ಹಾರಿದಂತಹ ಸದ್ದು ಕೇಳತೊಡಗಿತು. ಹತ್ತಿರದ ಗ್ಯಾರೇಜಿನಲ್ಲಿ ತೋರಿಸಿದಾಗ ಅಲ್ಲಿನವರು ಒಂದು ಸುತ್ತು ಓಡಿಸಿ ಬಂದು "ಬೇರಿಂಗ್ ಪೋಯಿ" (ಹೋಯಿತು) ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟು, ಅದೇ ಸಂಜೆಯೊಳಗೆ ಹೊಸ ಬೇರಿಂಗ್ ಹಾಕಿಕೊಟ್ಟರು. ಮೊದಲ ಕೆಲವು ವಾರ ಗಾಡಿ ಮೌನವಾಗಿಯೇ ಇತ್ತು. ಈಗ ಐದು ತಿಂಗಳು, ಹೆಚ್ಚೆಂದರೆ ನಾಲ್ಕು ಸಾವಿರ ಕಿಲೋಮೀಟರ್ ಕಳೆಯುವಷ್ಟರಲ್ಲಿ ಅದೇ ಸದ್ದು, ಅದೇ ಕಡೆಯಿಂದ, ಮೊದಲಿಗಿಂತ ಒರಟಾಗಿ ಬರುತ್ತಿದೆ. ಗಂಟೆಗೆ 45 ಕಿಲೋಮೀಟರ್ ದಾಟಿದೊಡನೆ ಆರಂಭವಾಗಿ ವೇಗದೊಂದಿಗೆ ಏರುತ್ತದೆ. ಬದಿಯಡ್ಕದಿಂದ ಚೆರ್ಕಳಕ್ಕೆ ಹೋಗುವಾಗ ಬಲಕ್ಕೆ ಹೊರಳುವ ತಿರುವುಗಳಲ್ಲಿ ಹೆಚ್ಚುತ್ತದೆ, ಎಡಕ್ಕೆ ಹೊರಳಿದಾಗ ತಗ್ಗುತ್ತದೆ. ಗ್ಯಾರೇಜಿನವರು "ಈ ಸಲ ಬೇರೆ ಕಂಪೆನಿಯ ಬೇರಿಂಗ್ ಹಾಕೋಣ" ಎನ್ನುತ್ತಿದ್ದಾರೆ. ಮತ್ತೊಮ್ಮೆ ಹಣ ಸುರಿಯುವ ಮೊದಲು, ನಿಜವಾಗಿ ಕೆಟ್ಟಿರುವುದು ಏನೆಂಬುದನ್ನು ತಿಳಿಯುವ ಕ್ರಮವನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ನೀರ್ಚಾಲಿನ ಶಿಕ್ಷಕಿ:
ನಾನು ಮೆಕ್ಯಾನಿಕ್ ಅಲ್ಲ. ಆದರೆ ಇಂಥದೇ ಸದ್ದಿಗೆ ಒಮ್ಮೆ ಬೇರಿಂಗ್ ಬದಲಿಸಿ ಮೋಸ ಹೋದವಳು, ಆದ್ದರಿಂದ ಬರೆಯುತ್ತಿದ್ದೇನೆ. ನನ್ನ ಗಾಡಿಯಲ್ಲಿ ಸದ್ದು ಬರುತ್ತಿದ್ದುದು ಟಯರಿನಿಂದ. ಅಂಗೈಯನ್ನು ಟಯರಿನ ಮೇಲ್ಮೈ ಮೇಲೆ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಸವರಿ ನೋಡಿ. ಒಂದು ದಿಕ್ಕಿನಲ್ಲಿ ನುಣುಪಾಗಿಯೂ ಇನ್ನೊಂದು ದಿಕ್ಕಿನಲ್ಲಿ ಗರಗಸದ ಹಲ್ಲಿನಂತೆಯೂ ತಾಗಿದರೆ, ಅಥವಾ ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬಿದ್ದಿದ್ದರೆ, ಟಯರೇ ಹಾಗೆ ಗುಂಯ್‌ಗುಡುತ್ತದೆ. ಇನ್ನೊಂದು ಗುರುತು ನಮ್ಮ ಊರಿನವರಿಗೆ ಸುಲಭ: ಹಳೆಯ ಒರಟು ಡಾಮರಿನಿಂದ ರಾಷ್ಟ್ರೀಯ ಹೆದ್ದಾರಿ 66ರ ಹೊಸ ನುಣುಪು ರಸ್ತೆಗೆ ಏರಿದಾಗ ಸದ್ದಿನ ಜಾತಿಯೇ ಬದಲಾದರೆ ಟಯರನ್ನು ಶಂಕಿಸಬೇಕು; ರಸ್ತೆ ಯಾವುದಾದರೂ ಸದ್ದು ಒಂದೇ ಆಗಿದ್ದರೆ ಬೇರಿಂಗನ್ನು ಶಂಕಿಸಬೇಕು. ಮುಂದಿನ ಟಯರನ್ನು ಅದೇ ಬದಿಯ ಹಿಂದಿನ ಟಯರಿನೊಂದಿಗೆ ಅದಲುಬದಲು ಮಾಡಿ ಓಡಿಸಿದರೆ ಅನುಮಾನ ಇನ್ನಷ್ಟು ಪರಿಹಾರವಾಗುತ್ತದೆ. ಸದ್ದು ಹಿಂದಕ್ಕೆ ಹೋದರೆ ಅದು ಟಯರಿನದು.

ಸೀತಾಂಗೋಳಿಯ ಮೆಕ್ಯಾನಿಕ್:
ಅಕ್ಕ ಹೇಳಿದ್ದನ್ನು ಮೊದಲು ಮಾಡಿ. ಅದಕ್ಕೆ ಕಾಸು ಖರ್ಚಿಲ್ಲ. ಆದರೆ ತಿರುವಿನಲ್ಲಿ ಸದ್ದು ಏರಿಳಿಯುವ ವಿವರವನ್ನು ಓದಿದರೆ ನನಗೂ ಎಡ ಬೇರಿಂಗೇ ಎನಿಸುತ್ತದೆ. ಗಾಡಿ ಬಲಕ್ಕೆ ತಿರುಗುವಾಗ ಅದರ ಭಾರ ಎಡ ಚಕ್ರಗಳ ಮೇಲೆ ಬೀಳುತ್ತದೆ, ಆಗ ಕೆಟ್ಟ ಎಡ ಬೇರಿಂಗ್ ಹೆಚ್ಚು ನರಳುತ್ತದೆ. ಸ್ಟೀರಿಂಗನ್ನು ಕೊನೆಯವರೆಗೆ ಹೊರಳಿಸಿ ಗಾಡಿಯನ್ನು ನಿಧಾನವಾಗಿ ತಿರುಗಿಸುವಾಗ ಕಟಕಟ ಎಂದು ಬಡಿದರೆ ಅದು ಎಂಜಿನಿನ ಬಲವನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟಿನ ಹೊರಗಿನ ಜಾಯಿಂಟು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಇನ್ನು ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ. ಗಾಡಿಯನ್ನು ಸಮತಟ್ಟಾದ, ಗಟ್ಟಿ ನೆಲದಲ್ಲಿ ನಿಲ್ಲಿಸಿ. ಅಡಿಕೆ ಒಣಗಿಸುವ ಸಿಮೆಂಟ್ ಅಂಗಳವಿದ್ದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳ ಎರಡೂ ಕಡೆ ಕಟ್ಟೆ ಕೊಟ್ಟು, ಜಾಕ್ ಏರಿಸಿದ ಮೇಲೆ ಗಾಡಿಯ ಭಾರವನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಳಿಸಿ. ನಮ್ಮಲ್ಲಿ ಹಲವರು ಮುರಕಲ್ಲನ್ನು ಅಡಿಗಿಟ್ಟು ಕೆಳಗೆ ನುಸುಳುವುದನ್ನು ಕಂಡಿದ್ದೇನೆ. ಮನೆ ಕಟ್ಟಲು ಅದು ಒಳ್ಳೆಯ ಕಲ್ಲಾದರೂ ಒಂದೇ ಬಿಂದುವಿನಲ್ಲಿ ಭಾರ ಬಿದ್ದರೆ ಯಾವ ಮುನ್ಸೂಚನೆಯೂ ಇಲ್ಲದೆ ಒಡೆಯುತ್ತದೆ, ಮಳೆಗೆ ನೆನೆದದ್ದಂತೂ ಪುಡಿಯಾಗುತ್ತದೆ. ದಯವಿಟ್ಟು ಬೇಡ.

ಚಕ್ರವನ್ನು ಗಡಿಯಾರವೆಂದುಕೊಂಡು 12ರಲ್ಲಿ ಒಂದು ಕೈ, 6ರಲ್ಲಿ ಒಂದು ಕೈ ಇಟ್ಟು ಒಳಕ್ಕೂ ಹೊರಕ್ಕೂ ಅಲುಗಿಸಿ. ಆಟ, ಅಂದರೆ ಸಡಿಲ ಅಲುಗಾಟ, ಇದ್ದರೆ ಇನ್ನೊಬ್ಬರನ್ನು ಕುಳ್ಳಿರಿಸಿ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೊಮ್ಮೆ ಅಲುಗಿಸಿ. ಬ್ರೇಕ್ ಒತ್ತಿದಾಗ ತಿರುಗುವ ಹಬ್ ಮತ್ತು ಅದನ್ನು ಬೇರಿಂಗಿನ ಮೂಲಕ ಹೊತ್ತಿರುವ, ಚಕ್ರದೊಂದಿಗೆ ಸುತ್ತದ ನಕಲ್ ಎಂಬ ಭಾಗ ಒಂದಕ್ಕೊಂದು ಬಿಗಿದುಕೊಳ್ಳುವುದರಿಂದ ಬೇರಿಂಗಿನ ಆಟ ಮಾಯವಾಗುತ್ತದೆ. ಬ್ರೇಕ್ ಒತ್ತಿಯೂ ಆಟ ಉಳಿದರೆ ಲೋವರ್ ಆರ್ಮಿನ ಬಾಲ್ ಜಾಯಿಂಟ್ ಅಥವಾ ಮೇಲಿನ ಸಸ್ಪೆನ್ಷನ್ ಭಾಗವನ್ನು ನೋಡಬೇಕು. 9 ಮತ್ತು 3ರಲ್ಲಿ ಮಾತ್ರ ಆಟ ಸಿಕ್ಕಿದರೆ ಅದು ಸ್ಟೀರಿಂಗಿನ ಟೈ ರಾಡ್ ಎಂಡಿನದು. ಬಳಿಕ ಒಂದು ಕೈಯನ್ನು ಮುಂದಿನ ಸ್ಪ್ರಿಂಗಿನ ಮೇಲೆ ಇಟ್ಟು, ಇನ್ನೊಂದು ಕೈಯಲ್ಲಿ ಚಕ್ರವನ್ನು ತಿರುಗಿಸಿ. ಬೇರಿಂಗ್ ಸರಿಯಿಲ್ಲದಿದ್ದರೆ ಮರಳು ಅರೆದಂತಹ ಕಂಪನ ಸ್ಪ್ರಿಂಗಿನಲ್ಲಿ ಕೈಗೆ ತಿಳಿಯುತ್ತದೆ. ಕಿವಿಗಿಂತ ಈ ಕೈಯನ್ನು ನಾನು ಹೆಚ್ಚು ನಂಬುತ್ತೇನೆ. ಆಟವೇ ಇಲ್ಲದೆ ಬರೇ ಒರಟುತನವಿರುವ ಬೇರಿಂಗುಗಳೇ ಹೆಚ್ಚು. ಅಲುಗುವ ಹಂತಕ್ಕೆ ಬರುವಾಗ ಅದು ಅಪಾಯದ ಅಂಚಿನಲ್ಲಿರುತ್ತದೆ.

ದೇಲಂಪಾಡಿಯ ಜೀಪಿನವರು:
ಇಷ್ಟೊಂದು ಪರೀಕ್ಷೆ ಏತಕ್ಕೆಂದು ನನಗೆ ತಿಳಿಯುವುದಿಲ್ಲ. ಮೂವತ್ತು ವರ್ಷ ಜೀಪು ಓಡಿಸಿದ್ದೇನೆ. ಹಬ್ ಬಿಚ್ಚುವುದು, ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆಯುವುದು, ಹೊಸ ಗ್ರೀಸ್ ತುಂಬುವುದು, ಹೊರಗಿನ ಬಳೆಯನ್ನು ಹಿತ್ತಾಳೆಯ ತುಂಡಿಟ್ಟು ಸುತ್ತಿಗೆಯಲ್ಲಿ ಕೂರಿಸುವುದು, ನಟ್ಟನ್ನು ಚಕ್ರ ಬಿಗಿಯಾಗುವವರೆಗೆ ತಿರುಗಿಸಿ ತುಸು ಹಿಂದಕ್ಕೆ ಬಿಡುವುದು, ಇಷ್ಟನ್ನು ಪ್ರತಿ ಮಳೆಗಾಲ ಮುಗಿದ ಮೇಲೆ ಮನೆಯಂಗಳದಲ್ಲಿಯೇ ಮಾಡುತ್ತಿದ್ದೆ. ಹೊಳೆ ದಾಟಿದ ಜೀಪಿನ ಬೇರಿಂಗ್ ಕೂಡ ಹತ್ತು ವರ್ಷ ಬಾಳಿದೆ. ಈಗಿನ ಗಾಡಿಗಳಿಗೆ ಗ್ರೀಸ್ ಹಾಕುವ ಅಭ್ಯಾಸ ಬಿಟ್ಟದ್ದೇ ತೊಂದರೆಯ ಮೂಲವೆಂದು ನನ್ನ ಅಭಿಪ್ರಾಯ.

ಸೀತಾಂಗೋಳಿಯ ಮೆಕ್ಯಾನಿಕ್:
ಯಜಮಾನರೇ, ನೀವು ಜೀಪಿನ ವಿಷಯದಲ್ಲಿ ಹೇಳಿದ್ದು ಅಕ್ಷರಶಃ ಸರಿ. ನಾನು ಕೆಲಸ ಕಲಿತದ್ದೂ ಅಂಥ ಹಬ್‌ಗಳಲ್ಲಿಯೇ. ಆದರೆ ಜೀಪಿನಲ್ಲಿರುವುದು ಬಿಚ್ಚಿ ಜೋಡಿಸಬಹುದಾದ ಟೇಪರ್ ರೋಲರ್ ಬೇರಿಂಗ್. ಅದರ ಬಿಗಿತವನ್ನು ನಟ್ಟಿನಲ್ಲಿ ಹೊಂದಿಸುತ್ತೇವೆ. ಇವರ ಕಾರಿನ ಮುಂದಿನ ಚಕ್ರದಲ್ಲಿ ಎರಡು ಸಾಲು ಗುಂಡುಗಳಿರುವ, ಕಾರ್ಖಾನೆಯಲ್ಲಿಯೇ ಗ್ರೀಸ್ ತುಂಬಿ ಎರಡೂ ಕಡೆ ಸೀಲ್ ಮುಚ್ಚಿದ ಒಂದೇ ಗಟ್ಟಿ ಬೇರಿಂಗ್ ಇರುತ್ತದೆ. ಅದಕ್ಕೆ ಗ್ರೀಸ್ ಹಾಕುವ ದಾರಿಯೇ ಇಲ್ಲ. ಬೇರಿಂಗಿನ ಹೊರಬಳೆ ನಕಲ್ ಒಳಗೆ ಬಿಗಿಯಾಗಿ ಕೂರುತ್ತದೆ, ಹಬ್ಬಿನ ಕೊರಳು ಒಳಬಳೆಯೊಳಗೆ ಬಿಗಿಯಾಗಿ ಕೂರುತ್ತದೆ. ಹೊರಬಳೆಯನ್ನು ನಕಲ್‌ಗೆ ಒತ್ತುವಾಗ ಹೊರಬಳೆಯ ಮೇಲೆ ಮಾತ್ರ ಬಲ ಬೀಳಬೇಕು; ಹಬ್ ಅನ್ನು ಒತ್ತುವಾಗ ಕೆಳಗಿನಿಂದ ಒಳಬಳೆಗೆ ಮಾತ್ರ ಆಸರೆ ಇರಬೇಕು. ಇದನ್ನು ತಪ್ಪಿಸಿದರೆ ಒತ್ತುವ ಟನ್‌ಗಟ್ಟಲೆ ಬಲ ಗುಂಡುಗಳ ಮೂಲಕ ಹಾದು, ಗುಂಡು ಓಡುವ ದಾರಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳನ್ನು ಮೂಡಿಸುತ್ತದೆ. ಸುತ್ತಿಗೆಯ ಪೆಟ್ಟೂ ಅದನ್ನೇ ಮಾಡುತ್ತದೆ. ಗಾಡಿ ಗ್ಯಾರೇಜಿನಿಂದ ಹೊರಡುವಾಗ ಮೌನವಾಗಿಯೇ ಇರುತ್ತದೆ. ಸದ್ದು ಆರಂಭವಾಗುವುದು ಕೆಲವು ವಾರ ಕಳೆದ ಮೇಲೆ. ಕೆಟ್ಟ ಕಂಪೆನಿಯ ಬೇರಿಂಗ್ ಎಂದು ಬೈಸಿಕೊಳ್ಳುವ ಎಷ್ಟೋ ಬೇರಿಂಗ್‌ಗಳನ್ನು ಕೊಂದದ್ದು ಸುತ್ತಿಗೆ.

ಪೆರ್ಲದವರಲ್ಲಿ ನನ್ನದೊಂದು ಪ್ರಶ್ನೆ: ಕಳೆದ ಸಲ ಕೆಲಸ ಮಾಡುವಾಗ ನೀವು ಅಲ್ಲಿದ್ದಿರೇ? ಅವರಲ್ಲಿ ಬೇರಿಂಗನ್ನು ಒತ್ತಿ ಕೂರಿಸುವ ಪ್ರೆಸ್ ಯಂತ್ರ ಇತ್ತೇ?

ಪೆರ್ಲದ ಕೃಷಿಕ:
ಇದ್ದೆ, ಆದರೆ ಪೂರ್ತಿ ನೋಡಲಿಲ್ಲ. ಪ್ರೆಸ್ ಕಂಡ ನೆನಪಿಲ್ಲ. ಸುತ್ತಿಗೆಯ ಸದ್ದು ಚೆನ್ನಾಗಿ ನೆನಪಿದೆ. ಮೊನ್ನೆ ಭಾನುವಾರ ಮಗನನ್ನು ಬ್ರೇಕ್ ಒತ್ತಲು ಕೂರಿಸಿ ನೀವೆಂದ ಪರೀಕ್ಷೆ ಮಾಡಿದೆ. 12 ಮತ್ತು 6ರಲ್ಲಿ ಸಣ್ಣದಾಗಿ ಆಟವಿದೆ, ಬ್ರೇಕ್ ಒತ್ತಿದರೆ ಇಲ್ಲವಾಗುತ್ತದೆ. ಸ್ಪ್ರಿಂಗಿನ ಮೇಲೆ ಕೈಯಿಟ್ಟಾಗ ಒರಟುತನ ಸ್ಪಷ್ಟವಾಗಿ ತಿಳಿಯಿತು, ಬಲ ಚಕ್ರದಲ್ಲಿ ಅದಿಲ್ಲ. ಪೇಟೆಗೆ ಹೋಗಿ ಬಂದ ಮೇಲೆ ಚಕ್ರದ ನಡುಭಾಗವನ್ನು ಮುಟ್ಟಿ ನೋಡಿದರೆ ಎಡಗಡೆಯದು ಬಲಗಡೆಯದಕ್ಕಿಂತ ಬಿಸಿಯಾಗಿತ್ತು. ಟಯರುಗಳನ್ನು ಹಿಂದೆಮುಂದೆ ಮಾಡಿದೆ, ಸದ್ದು ಅಲ್ಲಿಯೇ ಉಳಿಯಿತು.

ಮಂಜೇಶ್ವರದ ಲೇತ್ ಕೆಲಸದವ:
ಐದು ತಿಂಗಳ ಬೇರಿಂಗಿನಲ್ಲಿ ಕೈಗೆ ಸಿಗುವಷ್ಟು ಆಟವಿದೆಯೆಂದರೆ ನನ್ನ ಅನುಮಾನ ಬೇರೆಯೇ. ಗುಳಿ ಬಿದ್ದ ಬೇರಿಂಗ್ ಸದ್ದು ಮಾಡುತ್ತದೆ, ಆದರೆ ಇಷ್ಟು ಬೇಗ ಅಲುಗುವುದಿಲ್ಲ. ಹಬ್ಬಿನ ಕೊರಳು ಸವೆದು, ಒಳಬಳೆ ಅದರ ಮೇಲೆ ಬಿಗಿಯಾಗಿ ಕೂರದೆ ಜಾರಿ ತಿರುಗುತ್ತಿರಬೇಕು. ಹಳೆಯ ಬೇರಿಂಗ್ ಪೂರ್ತಿ ಕೆಟ್ಟ ಮೇಲೂ ಗಾಡಿಯನ್ನು ಓಡಿಸುತ್ತಲೇ ಇದ್ದರೆ ಹೀಗಾಗುತ್ತದೆ. ಹಳೆಯ ಒಳಬಳೆಯನ್ನು ಹಬ್ಬಿನಿಂದ ತೆಗೆಯಲು ಗ್ರೈಂಡರ್ ಹಿಡಿದವರು ಕೊರಳಿಗೂ ಗಾಯ ಮಾಡಿದ್ದರೆ ಕೂಡ ಮುಂದಿನ ಬೇರಿಂಗ್ ಸರಿಯಾಗಿ ಕೂರುವುದಿಲ್ಲ.

ಬಿಚ್ಚಿದಾಗ ಕೊರಳನ್ನು ಒರೆಸಿ ಬೆಳಕಿಗೆ ಹಿಡಿದು ನೋಡಿ. ಆರೋಗ್ಯವಾಗಿರುವ ಕೊರಳು ಒಂದೇ ಸಮನೆ ಮಾಸಲು ಬೆಳ್ಳಿ ಬಣ್ಣದಲ್ಲಿರುತ್ತದೆ. ಒಳಬಳೆ ಜಾರಿದ್ದರೆ ಕನ್ನಡಿಯಂತೆ ಹೊಳೆಯುವ ಪಟ್ಟಿ, ಸುತ್ತಲೂ ಗೀರು, ಕೆಲವೊಮ್ಮೆ ಕಾದು ನೀಲಿಯಾದ ಕಲೆ ಕಾಣುತ್ತದೆ. ಆಮೇಲೆ ಮೈಕ್ರೋಮೀಟರ್. ಬೇರಿಂಗಿನ ಒಳತೂತು 35 ಮಿಲಿಮೀಟರ್ ಇದೆಯೆಂದುಕೊಳ್ಳಿ. ಕೊರಳು ಅದಕ್ಕಿಂತ ಮಿಲಿಮೀಟರಿನ ನೂರನೆಯ ಒಂದೆರಡು ಭಾಗದಷ್ಟು ದಪ್ಪವಿದ್ದರೆ ಮಾತ್ರ ಒತ್ತಿ ಕೂರಿಸಿದಾಗ ಹಿಡಿತ ಬರುತ್ತದೆ. ಕೈಯಲ್ಲಿ ನೂಕಿದರೆ ಬೇರಿಂಗ್ ಸಲೀಸಾಗಿ ಒಳಹೋಗುವುದಾದರೆ ಆ ಹಬ್ಬಿನ ಆಯುಸ್ಸು ಮುಗಿದಿದೆ. ಹಬ್ಬಿಗೆ, ಹಬ್ಬಿನ ಎಂದು ಬರೆಯುವಾಗಲೆಲ್ಲ ಯುಗಾದಿಯ ನೆನಪಾಗುತ್ತದೆ, ಏನು ಮಾಡುವುದು, ಕನ್ನಡದ ವಿಭಕ್ತಿ ಹಾಗಿದೆ.

ಒಂದು ಎಚ್ಚರಿಕೆ. ಸವೆದ ಕೊರಳಿನ ಮೇಲೆ ಸುತ್ತಲೂ ಸೆಂಟರ್ ಪಂಚಿನಿಂದ ಚುಕ್ಕಿ ಹೊಡೆದು, ಎದ್ದ ಅಂಚುಗಳ ಆಸರೆಯಲ್ಲಿ ಬೇರಿಂಗನ್ನು ಬಿಗಿ ಮಾಡುವ ಪದ್ಧತಿ ಬಹಳ ಗ್ಯಾರೇಜುಗಳಲ್ಲಿದೆ. ನೀರಿನ ಪಂಪಿಗೆ ತಾತ್ಕಾಲಿಕವಾಗಿ ಹಾಗೆ ಮಾಡಿದರೆ ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ. ಮಕ್ಕಳನ್ನು ಕೂರಿಸಿಕೊಂಡು ಹೋಗುವ ಕಾರಿನ ಚಕ್ರಕ್ಕೆ ಅದು ಸಲ್ಲದು. ಆ ಚುಕ್ಕಿಗಳು ಕೆಲವೇ ಸಾವಿರ ಕಿಲೋಮೀಟರಿನಲ್ಲಿ ಅರೆದುಹೋಗುತ್ತವೆ. ಕೊರಳಿಗೆ ವೆಲ್ಡಿಂಗ್ ತುಂಬಿ ಲೇತಿನಲ್ಲಿ ಕಡೆದುಕೊಡಿ ಎಂದು ನನ್ನ ಬಳಿಗೂ ಬರುತ್ತಾರೆ, ನಾನು ಮಾಡಿಕೊಡುವುದಿಲ್ಲ. ಕೆಲಸ ನನಗೆ ಗೊತ್ತಿಲ್ಲದೆ ಅಲ್ಲ. ಆ ಕಾವಿಗೆ ಹಬ್ಬಿನ ಉಕ್ಕಿನ ಗುಣ ಕೆಟ್ಟು ಅದು ಯಾವಾಗ ಬಿರಿಯುವುದೆಂದು ಯಾರೂ ಹೇಳಲಾರರು.

ಉಪ್ಪಳದ ಹೊಸಬ:
ನಡುವೆ ಕೇಳುತ್ತಿರುವುದಕ್ಕೆ ಕ್ಷಮಿಸಿ. ಮಳೆನೀರಿಗೂ ಬೇರಿಂಗಿಗೂ ಸಂಬಂಧವಿದೆಯೇ? ಸೀಲ್ ಇದ್ದ ಮೇಲೆ ನೀರು ಹೇಗೆ ಒಳಗೆ ಹೋಗುತ್ತದೆ?

ಸೀತಾಂಗೋಳಿಯ ಮೆಕ್ಯಾನಿಕ್:
ಸಂಬಂಧವಿದೆ. ಬಹಳ ದೂರ ಓಡಿ ಬಿಸಿಯಾದ ಹಬ್ ತೋಡು ತುಂಬಿ ಹರಿಯುವ ರಸ್ತೆಯಲ್ಲಿ ಒಮ್ಮೆಲೇ ಮುಳುಗಿದಾಗ ಬೇರಿಂಗಿನೊಳಗಿನ ಗಾಳಿ ತಣಿದು ಕುಗ್ಗುತ್ತದೆ; ಆ ಸೆಳೆತಕ್ಕೆ ಸೀಲಿನ ತುಟಿಯ ಸಂದಿನಿಂದ ನೀರು ಒಳಗೆ ಹೋಗುತ್ತದೆ. ಅಂಥ ಬೇರಿಂಗನ್ನು ಬಿಚ್ಚಿದರೆ ಗ್ರೀಸ್ ಹಾಲು ಬೆರೆಸಿದಂತೆ ಬೆಳ್ಳಗಾಗಿರುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ನೀರು ದಾಟಿದ ಗಾಡಿಗಳು ದೀಪಾವಳಿಯ ಸುಮಾರಿಗೆ ಸದ್ದು ಮಾಡುತ್ತ ನನ್ನಲ್ಲಿಗೆ ಬರುತ್ತವೆ. ಗಾಡಿ ತೊಳೆಯುವಲ್ಲಿ ಪ್ರೆಶರ್ ಪಂಪಿನ ಮೂತಿಯನ್ನು ನೇರವಾಗಿ ಹಬ್ಬಿಗೆ ಹಿಡಿಯುವುದೂ ಅಷ್ಟೇ ಕೆಟ್ಟದ್ದು. ಚಕ್ರವನ್ನು ಹೊರಕ್ಕೆ ತಳ್ಳುವ ಸ್ಪೇಸರ್ ಹಾಕಿ ಅಗಲದ ಟಯರ್ ಏರಿಸುವವರಿಗೆ ನಾನು ಏನನ್ನೂ ಹೇಳುವುದನ್ನು ಬಿಟ್ಟಿದ್ದೇನೆ.

ಪೆರ್ಲದ ಕೃಷಿಕ:
ಕಳೆದ ವಾರ ಗಾಡಿಯನ್ನು ಪುತ್ತೂರಿನ ಕಡೆಯ, ಪ್ರೆಸ್ ಇರುವ ಒಂದು ವರ್ಕ್‌ಶಾಪಿಗೆ ಕೊಂಡೊಯ್ದು, ಈ ಸಲ ಪಕ್ಕದಲ್ಲಿಯೇ ನಿಂತು ನೋಡಿದೆ. ಆದದ್ದನ್ನು ಕ್ರಮವಾಗಿ ಬರೆಯುತ್ತೇನೆ, ಮುಂದೆ ಯಾರಿಗಾದರೂ ಉಪಯೋಗವಾದೀತು.

ಚಕ್ರಗಳು ನೆಲದಲ್ಲಿರುವಾಗಲೇ ಡ್ರೈವ್ ಶಾಫ್ಟಿನ ದೊಡ್ಡ ನಟ್ಟನ್ನು ಸಡಿಲಿಸಿದರು, ಆಮೇಲೆ ಗಾಡಿಯನ್ನು ಏರಿಸಿ ಚಕ್ರ ಕಳಚಿದರು. ಬ್ರೇಕ್ ಕ್ಯಾಲಿಪರನ್ನು ಅದರ ಹೋಸಿನಲ್ಲಿ ತೂಗಲು ಬಿಡದೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿದರು. ಸ್ಪ್ರಿಂಗನ್ನು ಹೊತ್ತ ಸ್ಟ್ರಟ್ಟಿನ ಎರಡು ಬೋಲ್ಟುಗಳನ್ನು ಬಿಚ್ಚುವ ಮೊದಲು ಅವು ಕುಳಿತಿದ್ದ ಜಾಗಕ್ಕೆ ಬಣ್ಣದ ಗುರುತು ಹಾಕಿದ್ದನ್ನು ಕಂಡು ಕೆಲಸ ಸರಿಯಾದ ಕೈಗೆ ಸಿಕ್ಕಿದೆಯೆಂದು ನನಗೆ ಧೈರ್ಯ ಬಂತು. ಟೈ ರಾಡ್ ಎಂಡನ್ನೂ ಬಾಲ್ ಜಾಯಿಂಟನ್ನೂ ಬಿಡಿಸಿ ನಕಲ್ಲನ್ನು ಇಡಿಯಾಗಿ ಹೊರತೆಗೆದರು. ಪ್ರೆಸ್ಸಿಗೆ ಇಟ್ಟು ಹಬ್ ಅನ್ನು ಒತ್ತಿದಾಗ, ಸಾಮಾನ್ಯವಾಗಿ ಟಪ್ ಎಂಬ ಸದ್ದಿನೊಂದಿಗೆ ಬಿಡುವ ಅದು, ಬೆಣ್ಣೆಯಿಂದ ಕೂದಲು ತೆಗೆದಂತೆ ಜಾರಿ ಕೆಳಗೆ ಬಂತು. ಮೇಸ್ತ್ರಿ ನನ್ನ ಮುಖ ನೋಡಿದರು. ಒರೆಸಿ ತೋರಿಸಿದರೆ ಕೊರಳಿನ ಸುತ್ತ ಸಾಲುಸಾಲಾಗಿ ಪಂಚಿನ ಚುಕ್ಕಿಗಳು. ಅವುಗಳ ತಲೆಯೆಲ್ಲ ಅರೆದು ಹೊಳೆಯುತ್ತಿದ್ದವು. ಮಂಜೇಶ್ವರದವರು ಕಾಣದೆಯೇ ಹೇಳಿದ್ದು ಅಲ್ಲಿ ಕಣ್ಣೆದುರಿಗೆ ಇತ್ತು. ಮೈಕ್ರೋಮೀಟರಿನಲ್ಲಿ ಅಳೆದಾಗ 35 ಮಿಲಿಮೀಟರಿಗೆ ಮೇಲಿರಬೇಕಾದ ಕೊರಳು 34.95 ಬಂತು.

ಹೊಸ ಹಬ್, ಹೊಸ ಬೇರಿಂಗ್, ಬೇರಿಂಗನ್ನು ಜಾಗದಲ್ಲಿ ಹಿಡಿದಿಡುವ ಹೊಸ ಸರ್ಕ್ಲಿಪ್, ಹೊಸ ಶಾಫ್ಟ್ ನಟ್ ಹಾಕಿಸಿದೆ. ನಕಲ್ಲಿನ ತೂತನ್ನು ಅಳೆದರು, ಅದು ಪುಣ್ಯವಶಾತ್ ಸರಿಯಿತ್ತು. ಬಲಗಡೆಯದನ್ನು ಪರೀಕ್ಷಿಸಿ, ತೊಂದರೆಯಿಲ್ಲವೆಂದು ಹಾಗೆಯೇ ಬಿಟ್ಟರು. ಹೊಸ ಹಬ್ ಕೂರಿಸಿದ ಮೇಲೆ ಅದರ ಮುಖಕ್ಕೆ ಡಯಲ್ ಗೇಜ್ ಹಚ್ಚಿ ತಿರುಗಿಸಿದಾಗ ಮುಳ್ಳು 0.02 ಮಿಲಿಮೀಟರಿಗಿಂತ ಹೆಚ್ಚು ಕದಲಲಿಲ್ಲ. ಮುಖ ಓರೆಯಾಗಿದ್ದರೆ ಬ್ರೇಕ್ ಡಿಸ್ಕೂ ಓರೆಯಾಗಿ ತಿರುಗಿ, ಬ್ರೇಕ್ ಒತ್ತಿದಾಗ ಪೆಡಲ್ ನಡುಗುತ್ತದೆಯಂತೆ. ಎಂಟು ದಿನ ಓಡಿಸಿದ್ದೇನೆ, ಗಾಡಿ ಮೌನವಾಗಿದೆ. ಹಳೆಯ ಗ್ಯಾರೇಜಿನವರಿಗೆ ಹಬ್ ತೋರಿಸಿದೆ. "ಆಗ ನೀವು ಖರ್ಚು ಕಡಿಮೆ ಮಾಡಿ ಎಂದಿದ್ದಿರಿ" ಎಂದರು. ಎಂದಿದ್ದೆನೋ ಏನೋ, ಚುಕ್ಕಿ ಹೊಡೆಯಲು ಹೇಳಿರಲಿಲ್ಲ.

ದೇಲಂಪಾಡಿಯ ಜೀಪಿನವರು:
ಓದಿದೆ. ಸುತ್ತಿಗೆಯ ವಿಷಯದಲ್ಲಿ ನಾನು ಎಲ್ಲ ಗಾಡಿಗಳನ್ನೂ ಒಂದೇ ಹಗ್ಗಕ್ಕೆ ಕಟ್ಟಿದ್ದು ತಪ್ಪು. ಆದರೆ ಶಾಫ್ಟ್ ನಟ್ಟನ್ನು ಹೊಸದಾಗಿ ಕೊಳ್ಳುವ ಅಗತ್ಯವೇನು? ಹಳೆಯದು ಚೆನ್ನಾಗಿರಲಿಲ್ಲವೇ?

ಸೀತಾಂಗೋಳಿಯ ಮೆಕ್ಯಾನಿಕ್:
ಯಜಮಾನರೇ, ಆ ನಟ್ಟಿನ ಕುತ್ತಿಗೆಯನ್ನು ಶಾಫ್ಟಿನ ಸೀಳಿಗೆ ತಟ್ಟಿ ಬಗ್ಗಿಸಿ ಲಾಕ್ ಮಾಡುತ್ತಾರೆ. ಒಮ್ಮೆ ಬಗ್ಗಿದ ತಗಡು ಮತ್ತೊಮ್ಮೆ ಅದೇ ಜಾಗಕ್ಕೆ ಬಂದರೆ ಹಿಡಿತ ಉಳಿಯುವುದಿಲ್ಲ. ಜೊತೆಗೆ, ಈ ಬೇರಿಂಗಿನ ಒಳಬಳೆ ಎರಡು ತುಂಡಾಗಿರುತ್ತದೆ. ಆ ಎರಡನ್ನೂ ಒಂದಕ್ಕೊಂದು ಒತ್ತಿ ಹಿಡಿದು ಬೇರಿಂಗಿಗೆ ಸರಿಯಾದ ಬಿಗಿತ ಕೊಡುವುದು ಇದೇ ನಟ್. ಸಣ್ಣ ಕಾರುಗಳಲ್ಲಿ ಇದರ ಬಿಗಿತ ಸಾಧಾರಣವಾಗಿ 150ರಿಂದ 250 ನ್ಯೂಟನ್ ಮೀಟರಿನ ನಡುವೆ ಇರುತ್ತದೆ. ನಿಮ್ಮ ಮಾದರಿಯ ನಿಖರವಾದ ಅಂಕೆಯನ್ನು ಸರ್ವಿಸ್ ಮ್ಯಾನುಯಲ್‌ನಲ್ಲಿಯೇ ನೋಡಬೇಕು, ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. ಗಾಳಿಯ ಗನ್ನಿನಲ್ಲಿ ಬಿಗಿದರೆ ಪ್ರತಿ ಹೊಡೆತವೂ ಹೊಸ ಬೇರಿಂಗಿನ ಗುಂಡುಗಳಿಗೆ ತಾಗುತ್ತದೆ. ನಟ್ ಸಡಿಲವಿರುವಾಗ ಗಾಡಿಯ ಭಾರವನ್ನು ಆ ಚಕ್ರದ ಮೇಲೆ ಇಳಿಸಿ ಉರುಳಿಸುವುದೂ ಬೇಡ.

ಪೆರ್ಲದವರೇ, ಚಕ್ರದ ನಟ್ಟುಗಳನ್ನು ಸುಮಾರು 100 ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ಮರುಪರೀಕ್ಷಿಸಿದಿರಾ? ಸ್ಟ್ರಟ್ ಬೋಲ್ಟ್ ಬಿಚ್ಚಿದ್ದರಿಂದ ವೀಲ್ ಅಲೈನ್‌ಮೆಂಟನ್ನೂ ನೋಡಿಸಿ. ಗುರುತು ಹಾಕಿದ್ದರೂ ತುಸು ವ್ಯತ್ಯಾಸ ಬರುತ್ತದೆ.

ನೀರ್ಚಾಲಿನ ಶಿಕ್ಷಕಿ:
ನನ್ನ ಈಗಿನ ಗಾಡಿ 2020ರದು, ಅದರಲ್ಲಿ ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ಎಬಿಎಸ್ ಇದೆ. ಬೇರಿಂಗ್ ಬದಲಿಸುವಾಗ ಅದಕ್ಕೇನಾದರೂ ವಿಶೇಷ ಎಚ್ಚರಿಕೆ ಬೇಕೇ?

ಸೀತಾಂಗೋಳಿಯ ಮೆಕ್ಯಾನಿಕ್:
ಬೇಕು, ಅಕ್ಕ. 2019ರ ಏಪ್ರಿಲಿನಿಂದ ಇಲ್ಲಿ ಮಾರಾಟವಾಗುವ ಹೊಸ ಕಾರುಗಳಲ್ಲಿ ಎಬಿಎಸ್ ಕಡ್ಡಾಯವಾದ್ದರಿಂದ ಇನ್ನು ಮುಂದೆ ಈ ಪ್ರಶ್ನೆ ಎಲ್ಲರದೂ ಆಗುತ್ತದೆ. ಅನೇಕ ಮಾದರಿಗಳಲ್ಲಿ ಬೇರಿಂಗಿನ ಒಂದು ಬದಿಯ ಸೀಲಿನಲ್ಲಿಯೇ ಅಯಸ್ಕಾಂತದ ಪಟ್ಟಿ ಇರುತ್ತದೆ, ಸೆನ್ಸರ್ ಚಕ್ರದ ವೇಗವನ್ನು ಓದುವುದು ಅದರಿಂದ. ಆ ಬದಿ ಸೆನ್ಸರಿನ ಕಡೆಗೇ ಮುಖ ಮಾಡಬೇಕು. ಎರಡು ಬದಿಗಳೂ ಕಣ್ಣಿಗೆ ಹೆಚ್ಚುಕಡಿಮೆ ಒಂದೇ ತೆರನಾಗಿ ಕಾಣುವುದರಿಂದ, ಒತ್ತುವ ಮೊದಲು ಕಾಗದಕ್ಕೆ ಹಾಕುವ ಒಂದು ಸಣ್ಣ ಕ್ಲಿಪ್ಪನ್ನು ಹತ್ತಿರ ಹಿಡಿದು ನೋಡಿದರೆ ಯಾವ ಕಡೆಯ ಸೀಲು ಅದನ್ನು ಸೆಳೆಯುತ್ತದೆಂದು ತಿಳಿಯುತ್ತದೆ. ತಿರುಗುಮುರುಗಾಗಿ ಕೂರಿಸಿದರೆ ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ದೀಪ ಆರುವುದೇ ಇಲ್ಲ, ಎಲ್ಲವನ್ನೂ ಮತ್ತೆ ಬಿಚ್ಚಬೇಕಾಗುತ್ತದೆ. ಹಾಗೆ ಹೊರಗೆ ಒತ್ತಿದ ಬೇರಿಂಗನ್ನು ಮರಳಿ ಬಳಸುವಂತಿಲ್ಲ. ಬೇರಿಂಗ್ ಪೆಟ್ಟಿಗೆಯಿಂದ ಹೊರಬಂದ ಮೇಲೆ ಅಯಸ್ಕಾಂತವಿರುವ ಟ್ರೇಯಲ್ಲಿ ಅದನ್ನು ಇಡಲೂಬೇಡಿ.

ಪೆರ್ಲದ ಕೃಷಿಕ:
ನಟ್ಟುಗಳನ್ನು ನಿನ್ನೆ ಪರೀಕ್ಷಿಸಿದೆ, ನಾಲ್ಕರ ಪೈಕಿ ಒಂದು ಮಾತ್ರ ಕಾಲು ಸುತ್ತಿನಷ್ಟು ಬಿಗಿಯಿತು. ಅಲೈನ್‌ಮೆಂಟನ್ನು ಶನಿವಾರ ಮಾಡಿಸುತ್ತೇನೆ. ಚುಕ್ಕಿ ಹೊಡೆದ ಹಬ್ ನನ್ನ ಮೇಜಿನ ಮೇಲಿದೆ. ಸದ್ಯಕ್ಕೆ ಅಡಿಕೆ ಮಂಡಿಯ ಬಿಲ್ಲುಗಳು ಹಾರದಂತೆ ಒತ್ತಿ ಹಿಡಿಯುವ ಕೆಲಸ ಮಾಡುತ್ತಿದೆ.